ಇಪ್ಪತ್ತೆಂಟನೆಯ ಗಂಟೆ

ನಾಲಗೆಗೆ ನುಡಿಯನ್ನೂ ನುಡಿಗೆ ನೆನಪನ್ನೂ ಕರುಣಿಸಿದ ಶಾರದೆಯ ಅಡಿಗಳಿಗೆ ಮಣಿದು, ನನಗೊದಗಿದ ವಿಚಿತ್ರವೊಂದನ್ನು ನಿವೇದಿಸುತ್ತೇನೆ.

ನಾನು ಅಷ್ಟಾವಧಾನಿ. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತು ಪ್ರಶ್ನೆಗಳನ್ನೆಸೆಯುವಾಗ ಪದ್ಯ ಕಟ್ಟಬೇಕು. ನಡುನಡುವೆ ಮೊಳಗುವ ಗಂಟೆಗಳನ್ನೂ ಎಣಿಸಿಟ್ಟುಕೊಂಡು ಕೊನೆಗೆ ಹೇಳಬೇಕು. ಈ ವರ್ಷ ಎರಡು ಸಲ ಎಣಿಕೆ ತಪ್ಪಿದ್ದೆ. ಮೂರನೆಯ ಸಲ ತಪ್ಪಿದರೆ ಮತ್ತೆ ಪೀಠವೇರುವುದಿಲ್ಲವೆಂದು ದೇವರೆದುರು ಸಂಕಲ್ಪಿಸಿದ್ದೆ.

ಆಗ ನೆರೆಮನೆಯ ರೇಡಿಯೋ ರಿಪೇರಿ ತಿರುನಾರಾಯಣಯ್ಯ, ಗೋಲಿಯಷ್ಟು ಗಾತ್ರದ ಯಂತ್ರವೊಂದನ್ನು ಹಿಡಿದು ಬಂದ.

"ನೋಡಿ ಸ್ವಾಮಿ, ಕೃತಕ ಬುದ್ಧಿ! ನಿಮ್ಮ ಮೂವತ್ತು ವರ್ಷದ ಕ್ಯಾಸೆಟ್ಟೆಲ್ಲ ಕೇಳಿಸಿದೀನಿ. ಪೇಟದೊಳಗೆ ಇಟ್ಕೊಳ್ಳಿ, ಮರೆತದ್ದನ್ನ ಕಿವೀಲಿ ಹೇಳುತ್ತೆ!"

"ನಿಮ್ಮ ರುಬ್ಬೋ ಯಂತ್ರ ಹಿಟ್ಟನ್ನೆಲ್ಲ ಸೂರಿಗೆ ಬಳೀತಲ್ಲ, ಅದರ ತಮ್ಮನಾ ಇದು?" ಎಂದಳು ಅವನ ಹೆಂಡತಿ ಕನಕಮ್ಮ.

"ಸುಮ್ನಿರೇ! ಸಭೇಲಿರೋ ಒಬ್ಬೊಬ್ಬರ ಮನಸ್ಸನ್ನೂ ಕಲಿತುಬಿಡುತ್ತೆ ಇದು!"

ಸಂಕಲ್ಪದ ಭಯ ವಿವೇಕವನ್ನು ಗೆದ್ದಿತು. ಇಟ್ಟುಕೊಂಡೆ.

ಅವಧಾನದ ದಿನ ರಾಮಮಂದಿರದಲ್ಲಿ ಮೊದಲ ಪೃಚ್ಛಕರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲೇ ಉತ್ತರ ನನ್ನ ಕಿವಿಗೆ ಬಿತ್ತು, ಆಡಿಬಿಟ್ಟೆ.

"ನಾನಿನ್ನೂ ಕೇಳೇ ಇಲ್ವಲ್ಲ!" ಎಂದು ಅವರು ಬೆಚ್ಚಿದರು. ಸಭೆ ಚಪ್ಪಾಳೆ ತಟ್ಟಿತು.

ಅಸಂಬದ್ಧ ಪ್ರಶ್ನೆಗಳಿಂದ ಅವಧಾನಿಯನ್ನು ಕೆಣಕುವ ಹೊಣೆ ಸಿಂಗ್ಲಾಚಾರ್ಯರದು. "ಎಲ್ಲರ ಮನೆ ದೋಸೇನೂ ತೂತು. ಆ ತೂತೆಲ್ಲ ತಿಂದೋರು ಯಾರು?" ಎಂದರು. ನನ್ನ ಧ್ವನಿ ಪಕಪಕನೆ ನಕ್ಕಿತು. ನನ್ನ ತುಟಿಗಳು ಮುಚ್ಚಿದ್ದವು!

ಅಲ್ಲಿಂದಾಚೆಗೆ ಪದ್ಯಗಳು ಪೇಟದೊಳಗಿಂದಲೇ, ನನ್ನದೇ ಕಂಠದಲ್ಲಿ, ನನ್ನ ಕೆಮ್ಮಿನ ಸಮೇತ ಹೊರಡತೊಡಗಿದವು. ಬೇರೆ ಕೆಲಸವಿಲ್ಲದ ನಾನು ಗಂಟೆಗಳನ್ನೆಣಿಸಿದೆ. ಇಪ್ಪತ್ತೇಳು! ಎಷ್ಟೋ ತಿಂಗಳ ಬಳಿಕ ನನ್ನ ಎಣಿಕೆ ನಿಚ್ಚಳವಾಗಿತ್ತು.

"ಗಂಟೆಗಳೆಷ್ಟು?" ಎಂದರು ಅಧ್ಯಕ್ಷರು.

ನಾನು ಬಾಯಿ ತೆರೆಯುವ ಮೊದಲೇ ಪೇಟ ನುಡಿಯಿತು: "ಇಪ್ಪತ್ತೆಂಟು."

ಗಂಟೆ ಬಾರಿಸುತ್ತಿದ್ದ ಅಳಸಿಂಗಯ್ಯ ಎದ್ದುನಿಂತ. "ತಪ್ಪು ಸ್ವಾಮಿ! ನಾನು ಹೊಡೆದದ್ದು ಇಪ್ಪತ್ತೇ..."

ಮಾತು ಮುಗಿಯಲಿಲ್ಲ. ಅವನ ಬಲಗೈ ಮೆಲ್ಲನೆ ಮೇಲೆದ್ದು ಗಂಟೆಯನ್ನು ಬಾರಿಸಿತು. ಆ ಕೈಯನ್ನು ಅವನು ಪರರದೆಂಬಂತೆ ನೋಡುತ್ತಿದ್ದ.

"ನಾನಲ್ಲ... ಕೈ ತಾನೇ ಹೋಯ್ತು."

"ರೀ, ಅದನ್ನ ಆರಿಸ್ರೀ!" ಎಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಕನಕಮ್ಮ ಗಂಡನಿಗೆ ಪಿಸುಗುಟ್ಟಿದಳು.

"ಆವಾಗಿಂದ ಈ ರಿಮೋಟಿನ ಗುಂಡಿ ಒತ್ತೋಕೆ ನೋಡ್ತಿದೀನಿ ಕಣೇ. ಬೆರಳು ಬಾಗ್ತಾ ಇಲ್ಲ."

ಶಾಲು ಹೊದಿಸಿದರು. ನಮಸ್ಕರಿಸಬೇಕೆಂದು ನಾನು ಎಣಿಸುತ್ತಿದ್ದೆ. ಕೈಗಳು ಆಗಲೇ ಮುಗಿದಿದ್ದವು.

ಪೀಠ ಉಳಿಯಿತು. ಅಂದು ಸರಿಯಾಗಿ ಎಣಿಸಿದವನು ನಾನೇ ಎಂಬುದನ್ನು ಮಾತ್ರ ಯಾರೂ ನಂಬುವುದಿಲ್ಲ.

ಈ ನುಡಿ ನನ್ನದೇ ಎಂಬ ನಂಬಿಕೆಯಿಂದ ಹರಸುತ್ತೇನೆ: ಇದನ್ನು ಕೇಳಿದವರೆಲ್ಲರಿಗೂ ಆಯುರಾರೋಗ್ಯ ಕೂಡಿಬರಲಿ, ಅವರ ನೆನಪೂ, ಅವರ ಮರೆವೂ, ಕಡೆತನಕ ಅವರವರದಾಗಿಯೇ ಇರಲಿ.