ಗರ್ವದ ಕಾಲಂ

ಯಾವುದನ್ನೂ ಎಣಿಸದೆ ನಂಬುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ಉಳಿದವರು ಮಳೆ ಬಂತು ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ನಾನು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ನಿಂತಿತು ಎಂದು ಬರೆದಿಡುತ್ತೇನೆ. ಬೀದರಿನ ನಮ್ಮ ಮನೆಯಿಂದ ಚರ್ಚಿಗೆ ನಾನೂರ ಹನ್ನೆರಡು ಹೆಜ್ಜೆ. ತಡವಾಗಿದ್ದರೆ ಮುನ್ನೂರ ಅರವತ್ತು. ಪಾದ್ರಿ ಸಾಹೇಬರು ಒಂದು ಪ್ರಸಂಗದಲ್ಲಿ "ಪ್ರಿಯರೇ" ಎಂದು ಎಷ್ಟು ಸಲ ಅನ್ನುತ್ತಾರೆ ಎಂಬ ಲೆಕ್ಕ ನನ್ನ ಬಳಿ ಹದಿನಾಲ್ಕು ವಾರಗಳದ್ದಿದೆ. ಸರಾಸರಿ ಮೂವತ್ತೊಂದು. ಆ ಹದಿನಾಲ್ಕು ವಾರಗಳಲ್ಲಿ ಅವರು ಪ್ರಿಯರಿಗೆ ಏನು ಹೇಳಿದರು ಎಂದು ಮಾತ್ರ ಯಾರೂ ನನ್ನನ್ನು ಕೇಳಬಾರದು.

ನಮ್ಮ ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಗುಲಬರ್ಗಾದಲ್ಲಿ ಕಾಲೇಜು ಓದುತ್ತಿದ್ದೆ. ಎಲ್ಲ ಕಡೆ ಅದೇ ಮಾತು. ಉರ್ದುವಿನಲ್ಲಿ ಅರ್ಜಿ ಬರೆದು ಬರೆದು ತಲೆ ನರೆತ ಗುಮಾಸ್ತರು ಮೊಮ್ಮಕ್ಕಳ ಪಕ್ಕದಲ್ಲಿ ಕೂತು ಕನ್ನಡದ ಕಾಗುಣಿತ ತಿದ್ದುತ್ತಿದ್ದರು. ಇಡೀ ಜಿಲ್ಲೆಯೇ ಹೊಸದಾಗುವಾಗ ನಾನೊಬ್ಬ ಹಳೆಯ ಮನುಷ್ಯನಾಗಿ ಉಳಿಯುವುದು ಚೆನ್ನಲ್ಲ ಅನ್ನಿಸಿತು. ಅಷ್ಟರಲ್ಲಿ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಪಾದ್ರಿ ಸಾಹೇಬರು, "ದಿನಾ ಸಂಜಿಗೆ ಒಂದು ಗಳಿಗಿ ಕೂತು, ನಾ ಇವತ್ತು ದೇವರ ಕಡಿ ಎಷ್ಟು ಬೆಳದೇನಿ ಅಂತ ನಿಮ್ಮನ್ನ ನೀವೇ ಕೇಳ್ಕೋರಿ" ಎಂದರು. ಉಳಿದವರು ತಲೆಯಾಡಿಸಿ ಚಹಾ ಕುಡಿಯಲು ಎದ್ದರು. ನಾನು ಪೇಟೆಗೆ ಹೋಗಿ ಗಟ್ಟಿ ರಟ್ಟಿನ ನೋಟುಬುಕ್ಕು ತಂದು ಗೆರೆ ಎಳೆಯಲು ಕೂತೆ.

ಐದು ಕಾಲಂ ಮಾಡಿದೆ: ಪ್ರಾರ್ಥನೆಯ ನಿಮಿಷ, ಓದಿದ ಅಧ್ಯಾಯ, ಸಿಟ್ಟು, ಸುಳ್ಳು, ಗರ್ವ. ಮೊದಲ ನಾಲ್ಕು ನಾನು ಹೇಳಿದಂತೆ ಕೇಳಿದವು. ಬೇಜಾರಾದ ದಿನ ಬೈಬಲ್ಲಿನ ಎರಡೇ ವಚನಗಳ ಕೀರ್ತನೆಯೊಂದನ್ನು ಓದಿದರೂ ಅಧ್ಯಾಯ ಒಂದು ಎಂದೇ ಲೆಕ್ಕ; ನೂರ ಎಪ್ಪತ್ತಾರು ವಚನಗಳ ನೂರ ಹತ್ತೊಂಬತ್ತನೇ ಕೀರ್ತನೆಯ ಹತ್ತಿರ ನಾನು ಹಾಯಲಿಲ್ಲ. ಹಾಸ್ಟೆಲಿನ ಅಡಿಗೆಯವನು ಎದುರು ಬಂದರೆ ದಾರಿ ಬದಲಿಸಿ ಸಿಟ್ಟಿನ ಕಾಲಂನಲ್ಲಿ ಸತತ ಒಂಬತ್ತು ಸೊನ್ನೆ ಗಳಿಸಿದೆ. ತೊಂದರೆ ಕೊಟ್ಟದ್ದು ಗರ್ವ. ಯಾವುದಾದರೂ ದಿನ ಗರ್ವವೇ ಬರಲಿಲ್ಲವೆಂದು ಸೊನ್ನೆ ಹಾಕುತ್ತಿದ್ದೆ. ಹಾಕಿದ ಕೂಡಲೇ ಎದೆ ಉಬ್ಬುತ್ತಿತ್ತು. ಸೊನ್ನೆ ಅಳಿಸಿ, ಗರ್ವ ಒಂದು ಸಲ ಬಂತೆಂದು ಒಂದು ಗೆರೆ ಎಳೆಯುತ್ತಿದ್ದೆ. ಇಷ್ಟು ಪ್ರಾಮಾಣಿಕವಾಗಿ ಗೆರೆ ಎಳೆಯುವವರು ಯಾರಿದ್ದಾರೆ ಅನ್ನಿಸಿ ಎರಡನೆಯ ಗೆರೆ ಎಳೆಯಬೇಕಾಗುತ್ತಿತ್ತು. ಅಳಿಸಿ ಅಳಿಸಿ ಆ ಕಾಲಂನ ಕಾಗದ ತೂತು ಬಿದ್ದಿತ್ತು.

ಎಲ್ಲವನ್ನೂ ಉರ್ದುವಿನಲ್ಲಿ ಬರೆಯುತ್ತಿದ್ದೆ. ಸಾಲೆಯಲ್ಲಿ ಕಲಿತದ್ದು ಅದೇ; ಜೊತೆಗೆ ಕನ್ನಡ ಬೈಬಲ್ಲನ್ನು ಬೆರಳಿಟ್ಟು ಓದುವ ನನ್ನ ಅವ್ವನಿಗೆ ಉರ್ದು ಬರುತ್ತಿರಲಿಲ್ಲ. ಹೀಗಾಗಿ ನನ್ನ ಸುಳ್ಳುಗಳು ಭದ್ರವಾಗಿದ್ದವು. ಉರ್ದು ಬಲ್ಲವರಿಂದ ತುಂಬಿದ ಜಿಲ್ಲೆಯಲ್ಲಿ ಇದು ಎಂಥ ಗುಟ್ಟು ಎಂದು ಯೋಚಿಸಲು ಮಾತ್ರ ಮರೆತಿದ್ದೆ.

ಈಗ ಸಮುವೇಲನ ವಿಷಯ. ಸಂತಪುರದವನು, ಗುಲಬರ್ಗಾದಲ್ಲಿ ಎರಡು ವರ್ಷ ಹಾಸ್ಟೆಲಿನ ನನ್ನ ಖೋಲಿಯಲ್ಲೇ ಇದ್ದವನು, ನನಗಿದ್ದ ಒಬ್ಬನೇ ಗೆಳೆಯ. ಎಲ್ಲದಕ್ಕೂ ಅವನದು ಅಂದಾಜು. ಗಂಟೆ ಕೇಳಿದರೆ "ಇನ್ನೂ ಬೆಳಕದ" ಎನ್ನುತ್ತಿದ್ದ. ನಾನು ಬೆಳೆದಿದ್ದೇನೆ ಎಂದು ತಿಳಿಯಲು ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ ಅಳೆಯಬೇಕಲ್ಲ? ಅದಕ್ಕೆ ನೋಟುಬುಕ್ಕಿನ ಹಿಂದಿನ ಪುಟವೊಂದನ್ನು ಅವನಿಗೆ ಮೀಸಲಿಟ್ಟಿದ್ದೆ. "ಸಮುವೇಲ. ಪ್ರಾರ್ಥನೆ: ಎರಡು ನಿಮಿಷ. ಮೊಣಕಾಲೂರಿದವನು ಹಾಗೇ ನಿದ್ದೆ ಹೋದದ್ದು: ವಾರದಲ್ಲಿ ಮೂರು ಸಲ. ಅಧ್ಯಾಯ: ಇಲ್ಲ. ಬೆಳವಣಿಗೆ: ಕಾಣಲಿಲ್ಲ." ಭಾತಂಬ್ರಾದ ಸಹಪಾಠಿಯೊಬ್ಬನಿಗೆ ಜ್ವರ ಬಂದಾಗ ಸಮುವೇಲ ನಾಲ್ಕು ದಿನ ಹಗಲು ರಾತ್ರಿ ಆಸ್ಪತ್ರೆಯಲ್ಲಿ ಕೂತಿದ್ದು ನನಗೆ ಗೊತ್ತಿತ್ತು. ಆದರೆ ಅದನ್ನು ಬರೆಯಲು ಕಾಲಂ ಇರಲಿಲ್ಲ. ಇಲ್ಲದ ಕಾಲಂನಲ್ಲಿ ಹೇಗೆ ಬರೆಯುವುದು?

ಹಬ್ಬದ ರಜೆಯಲ್ಲಿ ಭಾಲ್ಕಿಯಲ್ಲಿ ಒಂದು ಭಾನುವಾರ ವಿದ್ಯಾರ್ಥಿಗಳ ಕೂಟ ಗೊತ್ತಾಯಿತು. ಅಲ್ಲಿ ತಮ್ಮ ಆತ್ಮಿಕ ಬೆಳವಣಿಗೆಯ ಅನುಭವವನ್ನು ಸಾಕ್ಷಿಯಾಗಿ ಹೇಳಲು ಯಾರು ಮುಂದೆ ಬರುತ್ತೀರಿ ಎಂದು ಪಾದ್ರಿ ಸಾಹೇಬರು ಮುಂಚೆಯೇ ಕೇಳಿದಾಗ ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದಿತು. ಕೂಟಕ್ಕೆ ಎರಡು ದಿನ ಮೊದಲು, ಶುಕ್ರವಾರ, ನಾನು ಸಮುವೇಲನ ಊರಿಗೆ ಹೊರಟೆ. ಅಲ್ಲಿಂದ ಇಬ್ಬರೂ ಕೂಡಿ ಭಾಲ್ಕಿಗೆ ಹೋಗುವುದೆಂದು ಮಾತಾಗಿತ್ತು. ಔರಾದದ ಬಸ್ಸಿನಲ್ಲಿ ಜನವಾಡ ದಾಟುವವರೆಗೂ ಅಂಕಿಗಳನ್ನು ಕೂಡಿಸುತ್ತ ಕೂತಿದ್ದೆ. ಸಂತಪುರದಲ್ಲಿ ಇಳಿದೆ. ನೋಟುಬುಕ್ಕು ಇಳಿಯಲಿಲ್ಲ.

ಅದು ತಿಳಿದದ್ದು ಸಮುವೇಲನ ಅವ್ವ ಶಾಂತವ್ವ ಬಡಿಸಿದ ಬಿಸಿ ರೊಟ್ಟಿ, ಪುಂಡಿಪಲ್ಯ ಮುಗಿಸಿದ ಮೇಲೆ. ಏಳು ರೊಟ್ಟಿ, ಸಂಖ್ಯೆ ಖಚಿತ. ಚೀಲ ತೆರೆದು ಒಳಗಿದ್ದದ್ದನ್ನು ಎರಡು ಸಲ ಎಣಿಸಿದೆ; ಎರಡು ಸಲವೂ ಒಂದು ಕಡಿಮೆ ಬಂತು. ಮರುದಿನ ಬೆಳಿಗ್ಗೆ ಸಮುವೇಲ ಬಸ್ಸು ನಿಲ್ಲಿಸಿ ಕಂಡಕ್ಟರನನ್ನು ವಿಚಾರಿಸಿ ಬಂದ. ಕಂಡಕ್ಟರ ನೋಟುಬುಕ್ಕನ್ನು ಔರಾದದ ಬಸ್ ಸ್ಟ್ಯಾಂಡಿನಲ್ಲಿ ಚಹಾದ ಹೋಟೆಲು ಇಟ್ಟಿರುವ ರಶೀದ್ ಮಿಯಾನ ಕೈಗೆ ಕೊಟ್ಟಿದ್ದನಂತೆ.

"ನಾನೇ ಹೋಗ್ತೇನಿ" ಎಂದು ಎದ್ದೆ. ಏಳು ರೊಟ್ಟಿ ತಿಂದ ಹೊಟ್ಟೆ ನನ್ನನ್ನು ಹಿತ್ತಲ ಕಡೆಗೆ ಓಡಿಸಿತು. ಬೆಳಗಿನಿಂದ ಅದು ಐದನೆಯ ಸಲ.

"ಎಲ್ಲಿ ಹೋಗ್ತಿಯೋ ಮಗಾ? ಬಸ್ಸಿನ್ಯಾಗ ಏನು ಮಾಡ್ತಿ?" ಎಂದು ಶಾಂತವ್ವ ನನ್ನನ್ನು ಹಿಡಿದು ಕೂಡಿಸಿ ಮಜ್ಜಿಗೆ ಕೊಟ್ಟರು. "ಸಮ್ಯಾ ಹೋಗಿ ತರ್ತಾನ, ನೀ ಬಿದ್ಕೋ."

"ಬ್ಯಾಡ್ರಿ ಅವ್ವಾ, ಅದು ಏನೂ ಮಹತ್ವದ್ದಲ್ಲ" ಎಂದೆ. ಸುಳ್ಳು, ಒಂದು.

"ಮಹತ್ವದ್ದಲ್ಲಂದ್ರ ಮಾರಿ ಯಾಕ ಹಿಂಗಾಗ್ಯಾದ?" ಎಂದು ನಕ್ಕು ಸಮುವೇಲ ಹೊರಟೇಬಿಟ್ಟ. ಅವನೂ ನನ್ನ ಹಾಗೆ ಉರ್ದು ಸಾಲೆಯಲ್ಲೇ ಓದಿದವನು.

ಆ ದಿನ ನಾನು ನಿಜವಾಗಿ ಪ್ರಾರ್ಥಿಸಿದೆ. ಎಷ್ಟು ನಿಮಿಷವೋ ಗೊತ್ತಿಲ್ಲ; ಗಡಿಯಾರ ನೋಡಲು ಮನಸ್ಸಾಗಲಿಲ್ಲ. ಅವನು ಆ ಪುಟ ತೆರೆಯದಿರಲಿ, ಇಷ್ಟೇ ಬೇಡಿಕೆ. ನಾನು ಕೆಮ್ಮಿದರೆ ಎದ್ದು ನೀರು ಕೊಡುವ ಗೆಳೆಯ ಅವನೊಬ್ಬನೇ. ಅವನು ಖೋಲಿ ಬದಲಿಸಿದರೆ ನನ್ನ ಜೊತೆ ಉಳಿಯುವುದು ಐದು ಕಾಲಂ ಮಾತ್ರ.

ಇಳಿಹೊತ್ತಿಗೆ ಸಮುವೇಲ ಬಂದ. ಹಳೆಯ ಪತ್ರಿಕೆಯಲ್ಲಿ ಸುತ್ತಿದ ನೋಟುಬುಕ್ಕನ್ನು ನನ್ನ ಹಾಸಿಗೆಯ ಮೇಲೆ ಇಟ್ಟು, "ರಶೀದ್ ಮಿಯಾ ನಿನಗ ಸಲಾಂ ಹೇಳ್ಯಾನ" ಎಂದ.

"ಯಾಕ?"

"ಅಂವ ಹೇಳಿದ್ದು ಹಿಂಗ: ನಮ್ಮ ಹೆಗಲ ಮ್ಯಾಲ ಇಬ್ಬರು ಫರಿಶ್ತೆ, ದೇವದೂತರು, ಕೂತು ಪಾಪ, ಪುಣ್ಯ ಬರೀತಾರ. ಮೈಸೂರಿಗೆ ಸೇರಿದ ಮ್ಯಾಲ ಎಲ್ಲರ ನೌಕರಿ ಗಡಿಬಿಡಿ ಆಗ್ಯಾದ ಅಂತ ಗೊತ್ತಿತ್ತು. ನಿನ್ನ ದೋಸ್ತ ಫರಿಶ್ತೆಗಳ ನೌಕರಿನೂ ಕಸಗೊಂಡಾನಲ್ಲೋ, ಅಂದ. ಹೋಟೆಲಿನ್ಯಾಗ ಎಲ್ಲರೂ ನಕ್ಕರು."

"ಎಲ್ಲರೂ? ಓದಿ ಹೇಳಿದನೇನು?"

"ಮತ್ತೇನು? ಚಹಾ ಎರಡೆರಡು ಸಲ ಹೋಯ್ತಂತ."

"ಯಾವ ಪುಟ ಓದಿದನೋ?"

"ನೋಟುಬುಕ್ ನಿಂದು. ಪುಟ ನೀನೇ ನೋಡ್ಕೋ" ಎಂದು ಅವನು ಕಾಲು ತೊಳೆಯಲು ಹೋದ.

ಹಿಂದಿನ ಪುಟ ತೆರೆದೆ. ಸಮುವೇಲನ ಹಸಿರು ಶಾಯಿ. ನಿದ್ದೆ ಹೋದದ್ದು ಮೂರು ಸಲ ಎಂದಿದ್ದಲ್ಲಿ ಮೂರನ್ನು ನೀಟಾಗಿ ಹೊಡೆದು ಐದು ಎಂದು ತಿದ್ದಿದ್ದ. ಪಕ್ಕದಲ್ಲಿ ಸಣ್ಣಗೆ, "ಎರಡು ಸಲ ನೀನು ನೋಡಲಿಲ್ಲ, ನನಗಿಂತ ಮೊದಲೇ ನೀನು ಮಲಗಿದ್ದೆ" ಎಂದು ಬರೆದಿತ್ತು. ಬೇರೇನೂ ಇರಲಿಲ್ಲ.

ಅವನು ಬಂದಾಗ, "ಲೇ ಸಮುವೇಲ, ನನ್ನದು ತಪ್ಪಾತು" ಎಂದು ಶುರು ಮಾಡಿದೆ.

"ಮೊದಲ ಗಂಜಿ ಕುಡಿ" ಎಂದ. ನಾಲ್ಕು ಸಲ ಶುರು ಮಾಡಿದೆ. ನಾಲ್ಕು ಸಲವೂ ಗಂಜಿಯೇ ಬಂತು. ನಕ್ಕನೋ, ನೊಂದನೋ, ಆ ಮುಖದಲ್ಲಿ ಕಾಣಿಸಲಿಲ್ಲ.

ಭಾನುವಾರ ಭಾಲ್ಕಿಯಲ್ಲಿ ಪಾದ್ರಿ ಸಾಹೇಬರು ನನ್ನ ಹೆಸರು ಕರೆದರು. ಅಂಕಿಗಳು ತಲೆಯಲ್ಲಿ ಸಿದ್ಧವಾಗಿದ್ದವು. ಎದ್ದು ನಿಂತಾಗ ಸಮುವೇಲ ಕಿಟಕಿಯ ಹತ್ತಿರ ಕೂತು ಜ್ವರದಿಂದ ಎದ್ದಿದ್ದ ಆ ಭಾತಂಬ್ರಾದ ಸಹಪಾಠಿಗೆ ಜಾಗ ಬಿಡುತ್ತಿದ್ದುದು ಕಂಡಿತು. ಅಂಕಿಗಳನ್ನು ಬಿಟ್ಟು ಇದ್ದದ್ದನ್ನು ಹೇಳಿದೆ: ನಾನು ಬೆಳವಣಿಗೆ ಅಳೆಯಲು ಹೋಗಿ ಗೆಳೆಯನನ್ನು ಅಳೆದೆ, ಅವನ ನಿದ್ದೆ ಬರೆದೆ, ಅವನು ನಿದ್ದೆಗೆಟ್ಟ ನಾಲ್ಕು ರಾತ್ರಿ ಬರೆಯಲಿಲ್ಲ, ಸಮುವೇಲ, ಎಲ್ಲರೆದುರು ಕೇಳುತ್ತೇನೆ, ಕ್ಷಮಿಸು. ಸಮುವೇಲ ಕಿಟಕಿಯ ಹೊರಗೆ ನೋಡುತ್ತ ಮೂಗು ಒರೆಸಿಕೊಂಡು, "ಸಾಕು, ಕೂಡೋ ಇನ್ನ" ಎಂದ. ಎಲ್ಲರೂ ನಕ್ಕರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಕೂಟ ಮುಗಿದ ಮೇಲೆ ಪಾದ್ರಿ ಸಾಹೇಬರು ನನ್ನ ಕೈ ಹಿಡಿದು, "ಇಂಥಾ ದೀನತ್ವ ನಾ ಈ ವಯಸ್ಸಿನವರೊಳಗ ನೋಡಿಲ್ಲಪ್ಪಾ" ಎಂದರು. ಒಬ್ಬರು ಹಿರಿಯರು ಕಣ್ಣೊರೆಸಿಕೊಂಡರು. ಹುಮನಾಬಾದಿನ ಕಡೆಯ ಮೂವರು ವಿದ್ಯಾರ್ಥಿಗಳು ನನ್ನ ವಿಳಾಸ ಬರೆದುಕೊಂಡರು.

ಬೀದರಿಗೆ ಮರಳುವ ರೈಲಿನಲ್ಲಿ ನಾವಿಬ್ಬರೂ ಎದುರೆದುರು ಕೂತೆವು. ಸಮುವೇಲ ಶಾಂತವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿ, ನನಗೆ ಒಂದೇ ಎಂದು ತಾಕೀತು ಮಾಡಿದ. ತಿಂದು, ಅಭ್ಯಾಸಬಲದಿಂದ ನೋಟುಬುಕ್ಕು ತೆರೆದೆ. ಮೊದಲೇ ತಾರೀಖು ಹಾಕಿಟ್ಟಿದ್ದ ಭಾನುವಾರದ ಸಾಲಿನಲ್ಲಿ ನಾಲ್ಕು ಕಾಲಂ ಖಾಲಿ. ಐದನೆಯದರಲ್ಲಿ, ಗರ್ವದ ಕೆಳಗೆ, ಆಗಲೇ ಹಸಿರು ಶಾಯಿಯ ಒಂದು ಗೆರೆ ಇತ್ತು.

"ಇದು ಯಾವಾಗ ಹಾಕಿದಿ?"

"ನಿನ್ನೆ. ಔರಾದದಾಗ, ಬಸ್ಸಿಗೆ ಕಾಯ್ತಾ."

"ಇವತ್ತಿಂದು ನಿನಗ ನಿನ್ನೆನೇ ಹ್ಯಾಂಗ ಗೊತ್ತಾತೋ?"

"ಎರಡು ವರ್ಷ ಒಂದೇ ಖೋಲಿಯೊಳಗ ಇದ್ದೇನಲ್ಲೋ" ಎಂದು ಅವನು ಕಾಲು ಚಾಚಿ ಕಣ್ಣು ಮುಚ್ಚಿದ.

ಪಾದ್ರಿ ಸಾಹೇಬರ ಮಾತು, ಹಿರಿಯರ ಕಣ್ಣು, ಬರೆದುಕೊಂಡ ವಿಳಾಸ, ಎಲ್ಲವೂ ಕಣ್ಮುಂದೆ ಬಂದವು. ಸಮುವೇಲ ಪಾಪ ಅಂದಾಜಿನ ಮನುಷ್ಯ, ಒಂದು ಹಾಕಿದ್ದ. ನಾನು ಪೆನ್ಸಿಲು ತೆಗೆದು ಪಕ್ಕದಲ್ಲಿ ಇನ್ನೂ ಮೂರು ಗೆರೆ ಎಳೆದೆ.