ಬಸ್ಸೇರಿದ ತ್ರಿಶೂಲ

ಸಿದ್ದಾಪುರದ ಚನ್ನಯ್ಯ ಆಚಾರಿ ನಲವತ್ತು ವರ್ಷ ಕತ್ತಿ, ಕೊಡಲಿ, ಗುದ್ದಲಿ ಬಡಿದವನು. ತೊಂಬತ್ತೇಳನೇ ಇಸವಿಯಲ್ಲಿ ಬಿಳಗಿ ಕಡೆಯ ಚೌಡಮ್ಮನ ಗುಡಿಯಿಂದ ಹೊಸ ತ್ರಿಶೂಲ ಬೇಕೆಂದು ಹೇಳಿಕೆ ಬಂದಾಗ ಅವನ ಎದೆ ಕುಲುಮೆಯ ತಿದಿಯಂತೆ ಉಬ್ಬಿತು. ಆಳೆತ್ತರದ್ದು ಮಾಡಿದ. ಪ್ರತಿಷ್ಠೆಯ ದಿನ ಬೆಳಿಗ್ಗೆ ಹೆಂಡತಿ, "ಗೋಣಿ ಸುತ್ತಿ ತಗಂಡು ಹೋಗಿ" ಎಂದಳು.

"ನನ್ನ ಕೆಲಸ ನಾಕು ಜನ ನೋಡ್ಲಿ ಮಾರಾಯ್ತಿ!" ಎಂದವನೇ ಹಾಗೇ ಹೆಗಲಿಗೇರಿಸಿ ನಡೆದ.

ಬಸ್ಸಿನ ಬಾಗಿಲಲ್ಲೇ ಹಾವೇರಿ ಕಡೆಯ ಕಂಡಕ್ಟರ್ ತಡೆದ. "ಆಯುಧ ಹಿಡ್ಕೊಂಡು ಹತ್ತಬ್ಯಾಡ್ರಿ ಯಜಮಾನ್ರ!"

"ಆಯುಧ ಅಲ್ಲ ಸ್ವಾಮಿ, ದೇವ್ರದ್ದು."

"ಹಂಗಾದ್ರ ದೇವ್ರನ್ನ ಮ್ಯಾಲ ಲಗೇಜಿನಾಗ ಇಡ್ರಿ."

"ದೇವ್ರನ್ನ ಲಗೇಜಿಗೆ ಹಾಕೂದಾ?" ಎಂದು ಒಳಗಿದ್ದವರೆಲ್ಲ ಗದ್ದಲ ಎಬ್ಬಿಸಿದರು. ಕಂಡಕ್ಟರ್ ಸೋತ.

ಮೊದಲ ತಿರುವಿನಲ್ಲೇ ಬಸ್ಸು ವಾಲಿತು. ರೈತ ಚೌಡನ ಅಡಿಕೆ ಹಾಳೆಟೊಪ್ಪಿ ಹಾರಿ ತ್ರಿಶೂಲದ ನಡುವಿನ ಮೊನೆಗೆ ಸಿಕ್ಕಿಕೊಂಡಿತು. ಚೌಡ ಸಿಟ್ಟಾಗಲಿಲ್ಲ; ಮೊನೆಗಳನ್ನು ಮುಟ್ಟಿ ನೋಡಿದ. "ಒಣ ಸೊಪ್ಪು ಎತ್ತೂಕೆ ಚಲೋ ಆಗ್ತದಲ್ಲ ಆಚಾರಿ! ನಂಗೂ ಒಂದು ಮಾಡಿಕೊಡು."

ಪಕ್ಕದ ನಿವೃತ್ತ ಮಾಸ್ತರರು ಕನ್ನಡಕ ಏರಿಸಿದರು. "ಮೊದಲಿಗೆ ಇದು ಮೀನು ಚುಚ್ಚೂ ಸಲಕರಣೆ ಮಾರಾಯ. ಗ್ರೀಕರ ಕಡಲ ದೇವ್ರ ಕೈಯಲ್ಲೂ ಇದೇ. ರೋಮಿನಲ್ಲಿ ಒಂದು ಕೈಲಿ ಬಲೆ, ಒಂದು ಕೈಲಿ ಇದು ಹಿಡ್ಕೊಂಡು ಕಾದಾಡ್ತಿದ್ರು."

"ಇರ್ಬಹುದು ಮಾಸ್ತರೇ. ಆದ್ರೆ ಅವ್ರಿಗೆ ಯಾವ ಆಚಾರಿ ಬಡಿದು ಕೊಟ್ಟಿದ್ನೋ! ಈ ಹೊಳಪು ಅದಕ್ಕೆ ಇರ್ಲಿಕ್ಕಿಲ್ಲ ಬಿಡಿ" ಎಂದ ಚನ್ನಯ್ಯ.

ಅಷ್ಟರಲ್ಲಿ ಮುದುಕಿ ಸಿದ್ದವ್ವ ಧಡಕ್ಕನೆ ಎದ್ದಳು. "ತಾಯೀ, ನಿಂತೇ ಬರ್ತೀಯೇನವ್ವ!" ಎಂದು ತನ್ನ ಸೀಟಿಗೆ ತ್ರಿಶೂಲ ಒರಗಿಸಿದಳು. ಬೆಳಗಿನಿಂದ ಹೊತ್ತು ಸುಸ್ತಾಗಿದ್ದ ಚನ್ನಯ್ಯ ಅದರ ಪಕ್ಕ ಕೂರಲು ಹೋದ.

"ನೀ ಎಂತಕ್ಕೆ? ನೀ ಹಿಡ್ಕಂಡು ನಿಲ್ಲು."

ಯಾರೋ ಕುಂಕುಮ ಹಚ್ಚಿದರು. ಯಾರೋ ಮುಡಿಯ ಹೂವು ತೆಗೆದು ಏರಿಸಿದರು. ಡ್ರೈವರ್ ಬಸ್ಸು ನಿಲ್ಲಿಸಿ ಊದುಬತ್ತಿ ಹಚ್ಚಿ, ಕಾಯಿ ಒಡೆದ. ಕಂಡಕ್ಟರ್ ಚಪ್ಪಲಿ ಬಿಟ್ಟು ಅಡ್ಡಬಿದ್ದ. ಚನ್ನಯ್ಯ ಒಬ್ಬೊಬ್ಬರ ಮುಖವನ್ನೂ ತಿರುತಿರುಗಿ ನೋಡಿದ. ತಾನು ಬಡಿದ ಕಬ್ಬಿಣಕ್ಕೆ ಒಂದು ಬಸ್ಸು ಜನ ಕೈ ಮುಗಿದಿದ್ದರು!

ಬಸ್ಸಿಳಿದು ಗುಡಿಗೆ ಬಂದಾಗ ಪೂಜಾರಿ ಸಂಗಯ್ಯ ದೂರದಿಂದಲೇ ಮುಖ ಅರಳಿಸಿದ. ಹತ್ತಿರ ಬಂದು ಕುಂಕುಮ ಕಂಡವನೇ ಹೌಹಾರಿದ. "ಇದಕ್ಕೆ ಪೂಜೆ ಮಾಡಿದ್ದು ಯಾರು?"

"ಬಸ್ಸಿನವ್ರೆಲ್ಲ! ಕಾಯಿ ಸಹ ಒಡೆದ್ರು!"

"ಮುಗೀತು. ತಾಯಿ ಬಸ್ಸಲ್ಲೇ ನೆಲೆಯಾದ್ಲು. ಅಲ್ಲಿ ಪೂಜೆ ಆಗಿದ್ದನ್ನ ಇಲ್ಲಿ ಕೂರಿಸೂಕೆ ಬರೂದಿಲ್ಲ. ಇನ್ನೊಂದು ಬಡಿದು ತಾ."

ಚನ್ನಯ್ಯ ಬೆವರುತ್ತ ರಸ್ತೆಗೆ ಬಂದ. ಅದೇ ಬಸ್ಸು ತಿರುಗಿ ಬಂತು. ಕಂಡಕ್ಟರ್ ಬರಿಗಾಲಲ್ಲಿ ಕೆಳಗಿಳಿದು ಎರಡೂ ಕೈಯಿಂದ ತ್ರಿಶೂಲ ತೆಗೆದುಕೊಂಡ. "ತಾಯಿ ನಮ್ಮ ಬಸ್ಸಿಗೇ ವಾಪಸ್ ಬಂದಾಳ್ರೀ! ಇನ್ನ ಇಲ್ಲೇ ಇರ್ಲಿ!" ಮುಂದಿನ ಸೀಟು ಖಾಲಿಯಾಯಿತು. ತ್ರಿಶೂಲ ಕುಳಿತಿತು.

ಚನ್ನಯ್ಯ ಮೆಟ್ಟಿಲ ಮೇಲೆ ಕಾಲಿಟ್ಟ.

"ಜಾಗ ಇಲ್ರಿ ಯಜಮಾನ್ರ, ಬಸ್ ಫುಲ್. ಮುಂದಿಂದಕ್ಕ ಬರ್ರಿ!"

ಬಸ್ಸು ಹೊರಟಿತು. ಮೈತುಂಬ ಕೆಂಧೂಳು ಹೊದ್ದು ನಿಂತ ಚನ್ನಯ್ಯ, ದಾರಿಯಲ್ಲಿ ಹೋಗುತ್ತಿದ್ದವನ ತೋಳು ಹಿಡಿದು ನಿಲ್ಲಿಸಿ, "ಮುಂದಿನ ಸೀಟಲ್ಲಿ ಹೊಳೀತದಲ್ಲ, ನೋಡು. ಅದು ನಂದೇ ಕೆಲಸ!" ಎಂದ.