ಅರವತ್ತು ಮನೆಗೆ ಒಂದೇ ಎತ್ತು

ಏನಾಗಿರಬೇಕು, ಹೇಳಿ ನೋಡೋಣ. ಒಂದು ಊರು, ಅರವತ್ತು ಮನೆ, ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗೆಂದು ಮನೆಗೊಂದು ಜೋಡಿಯಂತೆ ನೂರಿಪ್ಪತ್ತು ಮಣ್ಣಿನ ಎತ್ತು ಬಂದಿವೆ. ಆದರೆ ಒಂದೂ ಬಿಡದೆ ಎಲ್ಲಕ್ಕೂ ಎಡಗೊಂಬಿನ ತುದಿ ಮೊಂಡು. ಯಾಕೆ?

ಹೊತ್ತು ತರುವಾಗ ಮುರಿದಿರಬೇಕು ಅಂದಿರಾ? ತಪ್ಪು. ವರ್ಷವರ್ಷ ಎತ್ತು ಮಾಡುವ ಆ ಊರಿನ ಕುಂಬಾರ ಅಜ್ಜಿಗೆ ಕಣ್ಣು ಮಂಜಾಗಿರಬೇಕು ಅಂದಿರಾ? ಆಕೆಯ ಕಿವಿಗೆ ಬಿದ್ದೀತು, ಮೆಲ್ಲಗೆ ಹೇಳಿ. ಲಗ್ನವಾಗಿ ಆ ಊರಿಗೆ ಬಂದಾಗಿನಿಂದ ಒಂದು ವರ್ಷವೂ, ಒಂದು ಮನೆಯೂ ತಪ್ಪಿಸದೆ ಎತ್ತು ಕೊಟ್ಟವಳು ಆಕೆ. ಆ ವರ್ಷ ಮಾತ್ರ ಅಮಾವಾಸ್ಯೆ ನಾಲ್ಕು ದಿನ ಇದೆ ಎನ್ನುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಎತ್ತು ಮಾಡಿಕೊಡಲು ಹೋದವನು ನಾನು, ಬಿ.ಎ. ಪಾಸಾದ ಕರಕುಶಲ ಮಾಸ್ತರ. ತಪ್ಪು ನನ್ನದೇ. ಇಂಥವು ನನಗೆ ನೌಕರಿಯುದ್ದಕ್ಕೂ ಆಗುತ್ತಲೇ ಬಂದಿವೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳಿದರೇ ರುಚಿ.

೧. ಇಂಡಿ: ಸತ್ತ ಇಲಿ

ಟ್ರೇನಿಂಗಿನಲ್ಲಿ ನಾನು ಕಲಿತುಬಂದ ದೊಡ್ಡ ವಿದ್ಯೆ ಒಂದೇ. ಬಡಿಗೇರರು ಕಟ್ಟಿಗೆ ಅಂಟಿಸುವ ಸರಸ ಇರುತ್ತದಲ್ಲ, ಅದನ್ನು ನೆನೆಹಾಕಿ, ಗ್ಲಿಸರಿನ್ ಕೂಡಿಸಿ, ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಕರಗಿಸಬೇಕು. ಗೊಂಬೆಯ ಮೇಲೆ ಸುರಿದರೆ ತಣ್ಣಗಾಗಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಸೀಳಿ ಬಿಡಿಸಿದರೆ ಅಚ್ಚು. ಒಳಗೆ ಕುಸುಬಿ ಎಣ್ಣೆ ಸವರಿ ಮಣ್ಣು ಒತ್ತಿದರೆ ಗೊಂಬೆ. ಅಚ್ಚು ಸವೆಯಿತೋ, ಮತ್ತೆ ಕರಗಿಸಿ ಮತ್ತೆ ಸುರಿ. ಪ್ಲಾಸ್ಟರಿನ ಅಚ್ಚು ಒಡೆದರೆ ಹೋಯಿತು, ನನ್ನದಕ್ಕೆ ಸಾವೇ ಇಲ್ಲ.

ಇಂಡಿಯ ಬಾಡಿಗೆ ಮನೆಯಲ್ಲಿ ಮೊದಲ ಸಲ ಕಾಯಿಸಿದೆ. ಸಾಲೋಟಗಿ ಕಡೆಯವರಾದ ಮನೆ ಮಾಲೀಕರು ಧೋತರದ ಚುಂಗು ಮೂಗಿಗೆ ಹಿಡಿದುಕೊಂಡು ಬಂದು, "ಮಾಸ್ತರ, ಇಲಿ ಎಲ್ಲಿ ಸತ್ತೈತಿ, ಗೊತ್ತಾತೇನ್ರಿ?" ಅಂದರು. ನಾನು ಅರ್ಧ ತಾಸು ಸರಸದ ಮಹಿಮೆ ಹೇಳಿದೆ. ಅವರಿಗೆ ತಿಳಿದದ್ದು ನನ್ನ ಹೆಂಡತಿ ಹೇಳಿದ ಮೇಲೆ.

"ಇಲಿ ಆದ್ರ ಒಮ್ಮೆ ಸಾಯತೈತ್ರಿ ಕಾಕಾ. ಇದನ್ನ ಇವರು ಮತ್ತ ಮತ್ತ ಕಾಸ್ತಾರ."

೨. ಸಿಂದಗಿ: ಪ್ರದರ್ಶನ

ಮುಂದೆ ಸಿಂದಗಿಗೆ ವರ್ಗವಾಯಿತು. ಅಲ್ಲೊಂದು ಕರಕುಶಲ ಪ್ರದರ್ಶನ, ಏಪ್ರಿಲ್ ತಿಂಗಳು, ಮೇಲೆ ತಗಡಿನ ಚಪ್ಪರ. ನನ್ನ ಹೊಸ ಅಚ್ಚನ್ನು ತಾಟಿನಲ್ಲಿಟ್ಟು ಕೆಂಪು ವಸ್ತ್ರ ಮುಚ್ಚಿದ್ದೆ. ಶಿಕ್ಷಣ ಖಾತೆಯ ಸಾಹೇಬರು ಬಂದು ನಿಂತರು. ಸಿಕ್ಕ ಸಾಹೇಬರನ್ನು ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ. ಈ ಪದಾರ್ಥವನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು ಎಂಬುದನ್ನು ನಾಲ್ಕು ಬಗೆಯಲ್ಲಿ ವಿವರಿಸಿದೆ. ಕೊನೆಗೆ ವಸ್ತ್ರ ಎತ್ತಿದರೆ ಅಚ್ಚು ಎಲ್ಲಿ? ತಾಟಿನ ತುಂಬ ಬೆಲ್ಲದ ಪಾಕದಂಥದ್ದು ಹರಡಿಕೊಂಡಿತ್ತು.

ಸಾಹೇಬರು ಬಗ್ಗಿ ನೋಡಿ, "ಮಾಸ್ತರ, ನಿಮ್ಮ ಮಾತು ಮುಗಿಯೋತನಾ ಅದಕ್ಕ ತಡಿಯಾಕ ಆಗಿಲ್ಲ" ಅಂದು ಮುಂದಿನ ಟೇಬಲ್ಲಿಗೆ ನಡೆದರು.

೩. ಮುದ್ದೇಬಿಹಾಳ: ಗೌಡರ ಎತ್ತು

ಈಗ ಅಜ್ಜಿಯ ಊರು. ಅದು ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ದಾರಿಯಲ್ಲಿತ್ತು, ನಾನು ಕಲಿಸುವ ಸಾಲಿಯೂ ಅಲ್ಲೇ. ಅಜ್ಜಿ ಕೈ ಮುರಿದುಕೊಳ್ಳುವ ಮುಂಚೆ ಮಾಡಿ ಒಣಗಿಸಿದ್ದು ಒಂದೇ ಎತ್ತು. ಸಾಕಲ್ಲ! ಅದರ ಮೇಲೆ ಸರಸ ಸುರಿದು ಅಚ್ಚು ತೆಗೆದೆ. ನಾನು ಮಣ್ಣು ಒತ್ತುವುದು, ಹೆಂಡತಿ ಬಿಡಿಸುವುದು. ಹತ್ತು ಹನ್ನೆರಡು ಎತ್ತಿಗೆ ಅಚ್ಚು ಮೆತ್ತಗಾಗುತ್ತಿತ್ತು, ಕರಗಿಸಿ ಮತ್ತೆ ಸುರಿಯುತ್ತಿದ್ದೆ. ಒಂದೇ ಡಬ್ಬಿ ಸರಸದಲ್ಲಿ ನೂರಿಪ್ಪತ್ತು ಎತ್ತು! ಹಸಿ ಗೋಣಿಯಲ್ಲಿ ಸುತ್ತಿಟ್ಟು, ಅಮಾವಾಸ್ಯೆ ದಿನ ಹೊತ್ತು ಹುಟ್ಟುವ ಮೊದಲೇ ಮನೆಮನೆಗೆ ಮುಟ್ಟಿಸಿ ಬಂದು ಚಹಾಕ್ಕೆ ಕೂತೆ.

ಚಹಾ ಆರುವ ಮುಂಚೆ ಅಂಗಳದ ತುಂಬ ಜನ. ಮುಂದೆ ನಿಂತ ಹೆಣ್ಣುಮಗಳು ಎರಡೂ ಎತ್ತು ನನ್ನ ಮುಂದಿಟ್ಟು ಕೇಳಿದಳು: "ಇದು ಗೌಡರ ಎತ್ತರೀ. ಗೌಡರ ಎತ್ತಿಗೆ ನಾ ಯಾಕ ಹೋಳಿಗಿ ಮಾಡ್ಲಿ?"

ಆಗ ತಿಳಿಯಿತು. ಅಜ್ಜಿ ಯಾರ ಮನೆಗೆ ಕೊಟ್ಟರೂ ಆ ಮನೆಯ ಎತ್ತಿನ ಕೊಂಬು ಹೇಗಿದೆಯೋ ಹಾಗೇ ತಿದ್ದಿ ಕೊಡುತ್ತಿದ್ದಳಂತೆ. ನನಗೆ ಸಿಕ್ಕಿದ್ದು ಗೌಡರ ಮನೆಯದು. ಗೌಡರ ಎತ್ತಿಗೆ ಎಡಗೊಂಬು ಮೊಂಡು. ಇಡೀ ಊರಿನಲ್ಲಿ ಖುಷಿಯಾಗಿದ್ದವರು ಗೌಡರೊಬ್ಬರೇ.

ಅಜ್ಜಿ ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಹಾಕಿಕೊಂಡು ಬಂದಳು. "ಮಾಸ್ತರ, ನಂದು ಕೈ ಅಷ್ಟ ಮುರಿದಿತ್ತು. ಮಾನ ನೀವು ಮುರಿದ್ರಿ."

ನಾನು ಸರಸದ ಡಬ್ಬಿಯನ್ನು ಮೆಲ್ಲಗೆ ಗೋಣಿಯ ಹಿಂದೆ ಸರಿಸಿದೆ. ಮಾತಾಡಿದವಳು ಹೆಂಡತಿ: "ಮಣ್ಣು ಇನ್ನೂ ಹಸೀನ ಐತಿ ಅಜ್ಜಿ. ಎಡಗೈ ನೆಟ್ಟಗೈತಲ್ಲ?"

ಅಜ್ಜಿ ಒಂದು ಎತ್ತು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಎರಡು ಬೆರಳಿಂದ ಕೊಂಬು ಹಿಂಡಿದಳು. ಒಂದು ಹೊರಕ್ಕೆ ಬಾಗಿತು, ಒಂದು ನೆಟ್ಟಗೆ ನಿಂತಿತು. "ಇದು ಕಡೀ ಓಣಿ ಮನೀದು" ಅಂದಳು. ಆ ಮನೆಯವನು ಹಿಂದಿನಿಂದ, "ಹೌದಬೇ, ನಮ್ಮದ!" ಅಂದ. ಆಮೇಲೆ ನೋಡಬೇಕಿತ್ತು. ಒಂದು ಎತ್ತಿಗೆ ಎರಡು ಚಿವುಟು. ಅರವತ್ತು ಮನೆಯ ಎತ್ತುಗಳ ಕೊಂಬು ಆಕೆಗೆ ಬಾಯಿಪಾಠ. ನಾನು ಸಾಲಿನಲ್ಲಿ ನಿಂತವರ ಎತ್ತು ಹಿಡಿದುಕೊಡುವ ಆಳಾದೆ. ಮಧ್ಯಾಹ್ನದ ಹೊತ್ತಿಗೆ ಐವತ್ತೊಂಬತ್ತು ಮನೆ ಮುಗಿದವು. "ಮೈ ನಿಮ್ಮದು, ಕೊಂಬು ನಂದು" ಅಂದಳು ಅಜ್ಜಿ. ಪ್ರಶಸ್ತಿ ಗಿಶಸ್ತಿ ನನಗೆ ಯಾರೂ ಕೊಡಲಿಲ್ಲ. ಇದಕ್ಕಿಂತ ದೊಡ್ಡದು ಇತ್ತೆಂದೂ ಅನಿಸಲಿಲ್ಲ.

೪. ಬಸವನ ಬಾಗೇವಾಡಿಯಿಂದ ಬಂದದ್ದು

ಉಳಿದದ್ದು ಒಂದೇ ಮನೆ. ಆ ರೈತ ಹಿಂದಿನ ವಾರವಷ್ಟೇ ಬಸವನ ಬಾಗೇವಾಡಿ ಕಡೆಯಿಂದ ಹೊಸ ಎತ್ತು ತಂದಿದ್ದ. ಅಜ್ಜಿ ಅದನ್ನು ಕಂಡಿರಲಿಲ್ಲ. "ನೋಡದ ಕೊಂಬು ಹೆಂಗ ಮಾಡ್ಲೋ ತಮ್ಮಾ?" ಅಂದಳು. ಅವನು ಮನೆಗೆ ಓಡಿದ. ಕಾಲು ತಾಸಿಗೆ ಎತ್ತನ್ನೇ ಹೊಡೆದುಕೊಂಡು ಬಂದು, ನನ್ನ ಬಾಗಿಲ ಕಂಬಕ್ಕೆ ಕಟ್ಟಿ, ಬೆನ್ನು ಚಪ್ಪರಿಸಿ ನನಗೆ ಹೇಳಿದ:

"ಸುರೀರಿ ಮಾಸ್ತರ. ತಣ್ಣಗಾಗೂತನಾ ಅಳ್ಳಾಡೂದಿಲ್ಲ, ಭಾಳ ಸಮಾಧಾನದ ಎತ್ತೈತ್ರಿ."

ನಾನು ನನ್ನ ಡಬ್ಬಿ ನೋಡಿದೆ, ಎತ್ತು ನೋಡಿದೆ. ಎತ್ತು ನನ್ನನ್ನು ನೋಡಿತು. ಅಜ್ಜಿ ಮಾತ್ರ ತಲೆಯೆತ್ತಿ ಕೊಂಬನ್ನೊಮ್ಮೆ ನೋಡಿದಳು, ತೊಡೆಯ ಮೇಲಿನ ಮಣ್ಣೆತ್ತಿಗೆ ಎರಡು ಚಿವುಟು ಚಿವುಟಿ ಅವನ ಕೈಗಿಟ್ಟಳು.

"ಹೊಡ್ಕೊಂಡು ಹೋಗಪ್ಪಾ. ಮಾಸ್ತರ ಡಬ್ಬಿ ಸಣ್ಣದೈತಿ."

ಇದು ನಡೆದದ್ದು ಎಪ್ಪತ್ತಾರನೆಯ ಇಸವಿಯ ಮಣ್ಣೆತ್ತಿನ ಅಮಾವಾಸ್ಯೆ, ಜೂನ್ ಇಪ್ಪತ್ತೇಳು, ರವಿವಾರ.